ಹಾಸಿನ ಹಿತ್ತಲಿಗೆ ಬಂದ ಸರ್ಕಾರ

ಸರ್ಕಾರದ ಕಡೆಯಿಂದ ಯಾರಾದರೂ ಮನೆಗೆ ಬರುತ್ತಾರೆಂದು ಗೊತ್ತಾದರೆ ನಾನು ಆ ದಿನ ಕಸ ಗುಡಿಸುವುದಿಲ್ಲ. ಇದನ್ನು ನನ್ನ ವ್ರತವೆಂದೇ ತಿಳಿಯಿರಿ. ಜನಗಣತಿಯವರು ಬರಲಿ, ಓಟಿನ ಪಟ್ಟಿಯವರು ಬರಲಿ, ಸೊಳ್ಳೆಗೆ ಔಷಧಿ ಹೊಡೆಯುವವರೇ ಬರಲಿ, ನಡುಮನೆಯಲ್ಲಿ ಒಣಗಲು ಹರಡಿದ ಮೆಣಸಿನಕಾಯಿ ಹರಡಿದ ಹಾಗೇ ಇರಬೇಕು. ಒರಳು ಗೋಡೆಯ ಕಡೆಗೆ ಸರಿಯಬಾರದು, ರಾಶಿ ಬಿದ್ದ ಬಟ್ಟೆಯನ್ನು ಯಾರೂ ಮಡಿಸಬಾರದು. ಸಾಲದ್ದಕ್ಕೆ ಒಂದೆರಡು ಪಾತ್ರೆಗಳನ್ನು ನಾನೇ ತಂದು ಬಂದವರ ಕಾಲಿಗೆ ತೊಡರುವ ಹಾಗೆ ಇಡುವುದೂ ಉಂಟು. ಮೊನ್ನೆ ಮನೆಯ ಅಳತೆಗೆಂದು ಮುನಿಸಿಪಾಲಿಟಿಯಿಂದ ಒಬ್ಬ ಬರುವವನಿದ್ದ. ಸೊಸೆ ಪೊರಕೆ ಹಿಡಿದು ಬಂದಳು, ನಾನು ಬಿಡಲಿಲ್ಲ. ಬಂದವನು ಮೆಣಸಿನಕಾಯಿಯ ಘಾಟಿಗೆ ಸೀನುತ್ತ, ಒರಳನ್ನು ಸುತ್ತುಹಾಕಿ ಟೇಪು ಎಳೆದು, ಹೇಗೋ ಅಳೆದುಕೊಂಡು ಹೋದ. ನಮ್ಮ ಮರ್ಯಾದೆ ತೆಗೆದಿರಿ ಎಂದು ಸೊಸೆ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು.

ಮರ್ಯಾದೆಯಂತೆ! ಸರ್ಕಾರಕ್ಕೆ ಮರ್ಯಾದೆ ಮಾಡಲು ಹೋಗಿ ನಾವು ಕಳೆದುಕೊಂಡದ್ದು ಅವಳಿಗೇನು ಗೊತ್ತು? ನಿಮಗಾದರೂ ಹೇಳುತ್ತೇನೆ. ನಡುನಡುವೆ ಸಿಟ್ಟು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ವರ್ಷವಾದರೂ ಆ ವಿಷಯದಲ್ಲಿ ನನಗೆ ಸಮಾಧಾನ ಬಂದಿಲ್ಲ, ಇನ್ನು ಬರುವ ಲಕ್ಷಣವೂ ಇಲ್ಲ.

ನನ್ನ ತವರು ಯಳಂದೂರು, ಕೊಟ್ಟದ್ದು ಕೊಳ್ಳೇಗಾಲಕ್ಕೆ. ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಸೇರಿಬಿಡುವ ದಾರಿ. ಆದರೆ ಸ್ವಾತಂತ್ರ್ಯ ಬಂದ ಆ ಹೊಸತರಲ್ಲಿ ಯಳಂದೂರು ಮೈಸೂರಿಗೆ ಸೇರಿದ್ದು, ಕೊಳ್ಳೇಗಾಲ ಮದ್ರಾಸಿಗೆ. ಜಿಲ್ಲೆಯ ದೊಡ್ಡ ಕಚೇರಿ ಕಾಡು ಬೆಟ್ಟಗಳ ಆಚೆ ಕೋಯಮತ್ತೂರಿನಲ್ಲಿ. ಮಗಳನ್ನು ಪರದೇಶಕ್ಕೆ ಕೊಟ್ಟೆ ಎಂದು ನಮ್ಮವ್ವ ಕಣ್ಣೊರೆಸಿಕೊಂಡದ್ದರಲ್ಲಿ ಅರ್ಧ ತಮಾಷೆ, ಅರ್ಧ ನಿಜ. ನಾನು ಮಿಡ್ಲ್ ಸ್ಕೂಲು ಪಾಸು ಮಾಡಿದವಳು. ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ತಪ್ಪಿಲ್ಲದೆ ಬರೆಯುತ್ತಿದ್ದೆ. ಹೆಸರಿನ ಮುಂದೆ ಏನು ಬರೆಯಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಅಷ್ಟಕ್ಕೇ ನಮ್ಮ ಬೀದಿಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಕೊಳ್ಳೇಗಾಲಕ್ಕೆ ಬಂದು ನೋಡಿದರೆ ಇಲ್ಲಿಯ ಕಚೇರಿಯ ಕಾಗದಗಳೆಲ್ಲ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ನನ್ನ ಪಾಸು ಮೂರು ಕಾಸಿಗೆ ಬಾಳಲಿಲ್ಲ.

ಎರಡೂ ಕಡೆ ನಮ್ಮದು ರೇಷ್ಮೆ ಸೀರೆ ನೇಯುವ ಮನೆತನ. ನೇಯ್ಗೆಯೆಂದರೆ ಮಗ್ಗದ ಸದ್ದು ಎಂದುಕೊಂಡವರೇ ಹೆಚ್ಚು. ಮಗ್ಗ ಆಮೇಲಿನದು. ಅದಕ್ಕೆ ಮುಂಚೆ ಹಾಸು ಸಿದ್ಧವಾಗಬೇಕು. ಹಾಸು ಅಂದರೆ ಸೀರೆಯ ಉದ್ದಕ್ಕೂ ಓಡುವ ಎಳೆಗಳು. ಹಲವು ಸೀರೆಗಳಿಗಾಗುವಷ್ಟು ಉದ್ದದ ಸಾವಿರಾರು ಎಳೆಗಳನ್ನು ಒಟ್ಟಿಗೆ ಚಾಚಿ, ಎರಡೂ ತುದಿಯನ್ನು ಗೂಟಕ್ಕೆ ಬಿಗಿದು, ತೆಳು ಗಂಜಿ ಸವರಿ, ಕುಂಚದಿಂದ ತೀಡಿ, ಹರಿದ ಎಳೆಯನ್ನು ಹುಡುಕಿ ಹೊಸೆದು ಸೇರಿಸಬೇಕು. ಬಿಸಿಲೇರಿದರೆ ಎಳೆ ಒಣಗಿ ಪಟಪಟನೆ ಹರಿಯುತ್ತದೆ. ಆದ್ದರಿಂದ ಬೆಳಕು ಹರಿಯುವಾಗ ಶುರುವಾದ ಕೆಲಸ ಬೆನ್ನಿಗೆ ಬಿಸಿಲು ತಾಗುವ ಮುಂಚೆ ಮುಗಿಯಬೇಕು. ಆಮೇಲೆ ಹಾಸನ್ನು ಸುತ್ತಿ ಒಳಗಿಟ್ಟರೆ ಹೊರಗೆ ಗೂಟ ಬಿಟ್ಟು ಇನ್ನೇನೂ ಉಳಿಯುವುದಿಲ್ಲ.

ಯಳಂದೂರಿನಲ್ಲಿ ನಾವು ಹಾಸನ್ನು ಬೀದಿಯಲ್ಲೇ ಚಾಚುತ್ತಿದ್ದೆವು. ಗಂಜಿಯ ಹುಳಿ ವಾಸನೆ, ಒದ್ದೆ ರೇಷ್ಮೆಯ ವಾಸನೆ, ಬಚ್ಚಲ ಒಲೆಯ ಹೊಗೆ, ಇವು ಮೂರೂ ಸೇರಿದರೆ ನನಗೆ ಬೆಳಗು. ಕೋಳಿ, ಆಡು, ಕರುಗಳನ್ನು ಹಾಸಿನ ಹತ್ತಿರ ಬಿಡದೆ ಓಡಿಸುವ ಕೆಲಸ ಮಕ್ಕಳದ್ದು. ಒಂದು ಸಲ ಕೋಳಿಯನ್ನು ಅಟ್ಟುವ ಭರದಲ್ಲಿ ನಾನೇ ಹಾಸಿನ ಅಡಿಯಲ್ಲಿ ನುಸುಳಿಬಿಟ್ಟೆ. ಕೋಳಿ ತಪ್ಪಿಸಿಕೊಂಡಿತು, ಅದಕ್ಕೆ ಬೀಳಬೇಕಾದ ಏಟೂ ನನ್ನ ಬೆನ್ನಿಗೇ ಬಿತ್ತು. ಯಾಕೆಂದರೆ ಚಾಚಿದ ಹಾಸನ್ನು ಯಾರೂ ದಾಟುವುದಿಲ್ಲ. ಮೇಲಿಂದಲೂ ಇಲ್ಲ, ಕೆಳಗಿಂದಲೂ ಇಲ್ಲ. ಎಷ್ಟೇ ಅವಸರವಿರಲಿ, ತುದಿಯವರೆಗೂ ನಡೆದು ಗೂಟ ಬಳಸಿಕೊಂಡೇ ಆಚೆಗೆ ಹೋಗಬೇಕು. ಊರ ಗೌಡನಿಗೂ ಅದೇ, ಮೊಸರು ಮಾರುವವಳಿಗೂ ಅದೇ. ಹಾಸು ದಾಟಿದರೆ ಆ ಮನೆಯವರ ಅನ್ನದ ತಟ್ಟೆ ದಾಟಿದ ಹಾಗೆ ಎನ್ನುತ್ತಿದ್ದರು ನಮ್ಮವ್ವ.

ಕೊಳ್ಳೇಗಾಲದ ನಮ್ಮ ಅತ್ತೆ ನಂಜಮ್ಮನವರಿಗೆ ಬೀದಿಯ ಹಂಗಿರಲಿಲ್ಲ. ಅವರಿಗೆ ಮನೆಯ ಹಿಂದೆ ಸ್ವಂತ ಹಿತ್ತಲಿತ್ತು. ಅವರ ತಂದೆ ಮಗಳ ಹೆಸರಿಗೇ ಬಿಟ್ಟುಹೋದದ್ದು. ಗಂಡ ತೀರಿಕೊಂಡ ಮೇಲೆ ಅತ್ತೆ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅದರ ಮೇಲೆಯೇ. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ಗಾಡಿಯ ಜಾಡಿನ ಹಾಗೆ ಸಪೂರವಾಗಿ ಉದ್ದಕ್ಕೆ ಬಿದ್ದಿದ್ದ ನೆಲ. ಒಂದು ತುದಿ ನಮ್ಮ ಮಗ್ಗದ ಮನೆಗೆ ಅಂಟಿಕೊಂಡಿತ್ತು. ಇನ್ನೊಂದು ತುದಿಯಲ್ಲಿ, ಹಾಸು ಚಾಚಲು ಬೇಕಾದ ಉದ್ದ ಮುಗಿದ ಮೇಲೂ, ಒಂದಿಷ್ಟು ನೆಲ ಮಿಕ್ಕಿತ್ತು. ಅಲ್ಲೊಂದು ನುಗ್ಗೆಮರ, ಒಂದು ತಿಪ್ಪೆ, ಅದರಾಚೆ ಕಳ್ಳಿಬೇಲಿ. ಸ್ವಂತ ಹಾಸಿನ ಹಿತ್ತಲು ಇದ್ದವರು ತಮ್ಮ ರೇಷ್ಮೆಯನ್ನು ತಾವೇ ತಂದು, ತಮ್ಮ ಹಾಸನ್ನು ತಾವೇ ಮಾಡಿ, ನೇಯ್ದ ಸೀರೆಯನ್ನು ತಮ್ಮ ಮಾತಿಗೆ ಮಾರುತ್ತಿದ್ದರು. ಇಲ್ಲದವರು ಸಾಹುಕಾರನ ಹಿತ್ತಲಿನಲ್ಲಿ ಸರದಿ ಕಾಯಬೇಕು. ಹಾಗೆ ಕಾದವರು ನಿಧಾನಕ್ಕೆ ಸಾಹುಕಾರನ ರೇಷ್ಮೆಯನ್ನು ಸಾಹುಕಾರನ ಕೂಲಿಗೆ ನೇಯುವವರಾಗಿಬಿಡುತ್ತಿದ್ದರು. ಅತ್ತೆಗೆ ಇದ್ದ ಭಯ ಅದೊಂದೇ.

ಹೀಗಿರುವಾಗ ಊರ ಹೊರಗೆ ಹೊಸದಾಗಿ ಒಂದು ಆಸ್ಪತ್ರೆ ಎದ್ದಿತು. ಅದಕ್ಕೆ ಗಾಡಿ ಹೋಗುವಂಥ ರಸ್ತೆ ಬೇಕಾಯಿತು. ಹನೂರು, ಬಂಡಳ್ಳಿ ಕಡೆಯ ಕಾಡಂಚಿನ ಊರುಗಳಿಂದ ರೋಗಿಗಳನ್ನು ಕರೆತರುವವರು ನಮ್ಮ ಸಂದಿಗೊಂದಿಗಳಲ್ಲಿ ದಾರಿ ಕೇಳುತ್ತ ಸುತ್ತುವುದನ್ನು ನಾವೇ ನೋಡುತ್ತಿದ್ದೆವು. ರಸ್ತೆ ಬೇಡವೆಂದು ಯಾವ ಪಾಪಿ ಅಂದಾನು? ಸರ್ಕಾರ ನಕ್ಷೆಯ ಮೇಲೆ ಆಸ್ಪತ್ರೆಯ ಬಾಗಿಲಿಗೆ ಒಂದು ಗೆರೆ ಎಳೆಯಿತು. ಎಳೆದವನ ಕೈಯಲ್ಲಿ ಒಳ್ಳೆಯ ರೂಲುದೊಣ್ಣೆ ಇದ್ದಿರಬೇಕು. ಗೆರೆ ಎಲ್ಲೂ ಡೊಂಕಿಲ್ಲದೆ ಬಂದು ನಮ್ಮ ಹಿತ್ತಲಿನ ನಟ್ಟನಡುವೆ ಹಾದುಹೋಗಿತ್ತು.

ನೋಟೀಸು ತಂದ ಜವಾನ, ಅದರಲ್ಲಿದ್ದ ಹೆಸರು ಓದಿ, ನಮ್ಮ ಮಾವನವರನ್ನು ಕೇಳಿದ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತೆಂದರೆ, ಹಾಗಾದರೆ ಸಹಿ ಯಾರು ಹಾಕುತ್ತಾರೆ ಎಂದ. ನೆಲ ನನ್ನದು, ನಾನು ಬದುಕಿದ್ದೇನಲ್ಲ ಎಂದು ಅತ್ತೆ ಅಂದರು. ನಿಮ್ಮ ಹೆಸರು ಇದರಲ್ಲಿ ಇಲ್ಲವಲ್ಲ ಎಂದ. ಕಡೆಗೆ ನೋಟೀಸನ್ನು ಬಾಗಿಲಿಗೆ ಅಂಟಿಸಿ ಹೋದ. ಅದು ತಮಿಳಿನಲ್ಲಿತ್ತು. ಅತ್ತೆಗೆ ತಮಿಳು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ನನಗೆ ಓದು ಬರುತ್ತಿತ್ತು, ತಮಿಳು ಬರುತ್ತಿರಲಿಲ್ಲ. ನಾವಿಬ್ಬರೂ ಬಾಗಿಲ ಮುಂದೆ ನಿಂತು ಅದನ್ನು ಬಹಳ ಹೊತ್ತು ನೋಡಿದೆವು. ಸಂಜೆ ಶಾನುಭೋಗರು ಬಂದು ಬಿಡಿಸಿ ಹೇಳಿದರು. ಸಾರ್ವಜನಿಕ ಉಪಯೋಗಕ್ಕೆ ಸರ್ಕಾರ ನೆಲ ತೆಗೆದುಕೊಳ್ಳುತ್ತದೆ, ಆಪೀಸರು ಬಂದು ಜಾಗ ನೋಡುತ್ತಾರೆ, ತಕರಾರಿದ್ದರೆ ಆಮೇಲೆ ಕಚೇರಿಗೆ ಬಂದು ಹೇಳಬಹುದು. ನಮ್ಮ ಯಜಮಾನರ ಹೆಸರನ್ನು ನನ್ನ ಬಾಯಿಂದ ಹೇಳಿಸಬೇಡಿ, ಅತ್ತೆ ಕರೆಯುವಾಗ ಕೇಳಿಸಿಕೊಳ್ಳಿ. ಅವರು ಸರ್ಕಾರದ ಜೊತೆ ಜಗಳ ಯಾಕೆ ಎಂದು ಗೊಣಗಿದರು.

"ಲೇ ಮಾದೇವ, ಜಗಳ ಯಾರ‍್ಲಾ ಆಡ್ತಾರೆ?" ಎಂದರು ಅತ್ತೆ. "ಆಸ್ಪತ್ರೆ ಬ್ಯಾಡ ಅನ್ನಕಾಯ್ತದಾ? ಬಾಲದ ಕಡಿಂದ ತಕ್ಕಳ್ಳಿ. ನುಗ್ಗೆಮರ ಕಡುಸ್ತೀನಿ, ತಿಪ್ಪೆ ಎತ್ತುಸ್ತೀನಿ, ಕಾಸೂ ಬ್ಯಾಡ. ನಡುಮದ್ಯ ಮಾತ್ರ ಕೂಯ್ಬ್ಯಾಡಿ ಅಂತೀನಿ, ಅಷ್ಟೇಯ."

ಇಷ್ಟೇ ವಿಷಯ. ನಡುವಿನಿಂದ ತುದಿಗೆ ಆ ಗೆರೆಯನ್ನು ಸರಿಸಿದ್ದರೆ ಆಸ್ಪತ್ರೆಗೆ ಹೋಗುವವರಿಗೆ ಒಂದು ಬೀಡಿ ಸೇದುವಷ್ಟೂ ತಡವಾಗುತ್ತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಕೈಯಲ್ಲಿದ್ದ ಪಾತ್ರೆಯನ್ನು ಜೋರಾಗಿ ಇಡಬೇಕೆನ್ನಿಸುತ್ತದೆ.

ಈಗ ಗುಡಿಸುವ ಕಥೆಗೆ ಬಂದೆ. ದೊಡ್ಡವರು ಬಂದಾಗ ಇರುವುದನ್ನು ಮುಚ್ಚಿಡುವ ಚಾಳಿ ನಮ್ಮ ಸೀಮೆಗೇ ಅಂಟಿದ್ದು. ಯಳಂದೂರಿನಲ್ಲಿ ಇನ್‌ಸ್ಪೆಕ್ಟರು ಸ್ಕೂಲಿಗೆ ಬರುವ ದಿನ ನಮ್ಮ ಮೇಷ್ಟ್ರು ದಡ್ಡ ಮಕ್ಕಳಿಗೆ ರಜಾ ಕೊಟ್ಟು ಮನೆಗೆ ಕಳಿಸಿಬಿಡುತ್ತಿದ್ದರು. ಇನ್‌ಸ್ಪೆಕ್ಟರು ಈ ಊರಿನಲ್ಲಿ ದಡ್ಡರೇ ಇಲ್ಲವೆಂದು ಸಂತೋಷಪಟ್ಟ ಕಾರಣ, ನಮಗೆ ಬರಬೇಕಾಗಿದ್ದ ಎರಡನೆಯ ಮೇಷ್ಟ್ರು ಬರಲೇ ಇಲ್ಲ. ಆ ರಜಾ ನನಗೂ ಸಿಕ್ಕಿದ್ದುಂಟು. ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೇ. ಇದರಿಂದ ನಾನಾದರೂ ಬುದ್ಧಿ ಕಲಿಯಬೇಕಿತ್ತೋ ಇಲ್ಲವೋ?

ಆಪೀಸರು ಬರುವ ಹಿಂದಿನ ದಿನವೇ ಅತ್ತೆ ಮನೆಯನ್ನೆಲ್ಲ ಎಬ್ಬಿಸಿದರು. ಮರುದಿನ ಚಾಚಬೇಕಿದ್ದ ಹಾಸನ್ನು ಮುಂದಕ್ಕೆ ಹಾಕಿದರು. ಅರ್ಧ ಕೆಲಸವಾದ ಹಾಸಿನ ಮೇಲೆ ಹೊರಗಿನವರ ಕಣ್ಣು ಬೀಳಬಾರದು, ದೃಷ್ಟಿಯಾದರೆ ಎಳೆ ನಿಲ್ಲುವುದಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆಪೀಸರು ಎಡವಿ ಬಿದ್ದರೆ ಏನು ಗತಿಯೆಂದು ಗೂಟಗಳನ್ನೂ ಕೀಳಿಸಿದರು. ಗೂಟದ ಗುಣಿಗಳಿಗೆ ಮಣ್ಣು ತುಂಬಿ, ಈ ತುದಿಯಿಂದ ಆ ತುದಿಗೆ ಗುಡಿಸಿ, ಸಗಣಿ ನೀರು ಹಾಕಿದೆವು. ತಲೆಮಾರಿನಿಂದ ಗಂಜಿ ಚೆಲ್ಲಿ ಚೆಲ್ಲಿ ಬೆಳ್ಳಗಾಗಿದ್ದ ನೆಲದ ಮೇಲೆ ಹಸಿರು ಸಾರಣೆ ಮೂಡಿತು. ಅದರ ನಡುವೆ, ಸರ್ಕಾರದ ಗೆರೆ ಹಾದುಹೋಗುವ ಜಾಗದಲ್ಲೇ, ನಾನು ಒಂದು ದೊಡ್ಡ ಕಮಲದ ರಂಗೋಲಿ ಬಿಟ್ಟೆ. ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆಪೀಸರು ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಒಳ್ಳೆಯ ಮನುಷ್ಯ, ಗದರಲಿಲ್ಲ, ಚಪ್ಪಲಿಯಲ್ಲಿ ರಂಗೋಲಿ ತುಳಿಯಲಿಲ್ಲ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಜಾಗವನ್ನು ಬಹಳ ಚೊಕ್ಕವಾಗಿ ಇಟ್ಟುಕೊಂಡಿದ್ದೀರಿ ಎಂದು ತಮಿಳಿನಲ್ಲಿ ಹೊಗಳಿದರಂತೆ. ಅತ್ತೆ ಹಿಗ್ಗಿಹೋದರು. ಆಪೀಸರು ಏನೇನೋ ಬರೆದುಕೊಂಡು ಹೋದರು. ಏನು ಬರೆದರೆಂಬುದನ್ನು ಶಾನುಭೋಗರು ಆಮೇಲೆ ತಿಳಿಸಿದರು. ಖಾಲಿ ನೆಲ, ಬೆಳೆ ಇಲ್ಲ, ಕಟ್ಟಡ ಇಲ್ಲ, ಯಾವ ಉಪಯೋಗದಲ್ಲೂ ಇಲ್ಲ. ನಾನು ನಡುಮನೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಟ್ಟೆ.

ತಕರಾರು ಕೇಳುವ ದಿನ ಅತ್ತೆ, ನಾನು, ಯಜಮಾನರು ತಾಲ್ಲೂಕು ಕಚೇರಿಗೆ ಹೋದೆವು. ಆಪೀಸರು ನಮ್ಮನ್ನು ಗುರುತಿಸಿ ಬೆಂಚು ತೋರಿಸಿದರು. ನಿಮ್ಮ ನೆಲದಲ್ಲಿ ನಾವು ಕೇಳುತ್ತಿರುವುದು ನಡುವಿನ ಸಣ್ಣ ಚೂರು, ಮಿಕ್ಕ ಅಷ್ಟೂ ನಿಮ್ಮದೇ, ನಿಮಗೇನು ನಷ್ಟ ಎಂದು ನಿಧಾನವಾಗಿ ವಿವರಿಸಿದರು. ಅತ್ತೆಗೆ ತಮಿಳು ವ್ಯಾಪಾರಕ್ಕೆ; ಸಿಟ್ಟಿಗೆ ಕನ್ನಡವೇ ಆಗಬೇಕು.

"ಸಾಮಿ, ನಿಮ್ಮನೆ ಅಮ್ಮಾವ್ರು ಒಂದು ಪಟ್ಟೆ ಸೀರೆ ತಂದವ್ರೆ ಅನ್ನಿ. ನಾ ಬಂದು ನಡುಮದ್ಯ ಒಂದು ಗೇಣು ಕೂಯ್ದು ತಕ್ಕತೀನಿ. ತಕ್ಕಂಡದ್ದು ಗೇಣೇಯ, ಮಿಕ್ಕಿದ್ದೆಲ್ಲ ನಿಮ್ದೇ ಅಂದ್ರೆ ಅವ್ರು ಉಟ್ಕಂಡಾರಾ?"

ಗುಮಾಸ್ತ ಇದನ್ನು ತಮಿಳಿಗೆ ತಿರುಗಿಸಿದ. ಅವನ ತಮಿಳಿನಲ್ಲಿ ಅದು ಎರಡೇ ಮಾತಾಯಿತು. ಈಕೆ ಒಪ್ಪುವುದಿಲ್ಲ ಎಂದಿಷ್ಟೇ ಹೇಳಿದನೆಂದು ಅತ್ತೆ ನನ್ನ ಕಿವಿಯಲ್ಲಿ ಉರಿದುಕೊಂಡರು. ಕಡೆಗೆ ತಾವೇ ತಮಿಳಿಗೆ ಇಳಿದು ಹಾಸಿನ ವಿಷಯವನ್ನೆಲ್ಲ ಹೇಳಿದರು. ಆಪೀಸರು ಕೇಳಿಸಿಕೊಂಡು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. ನಾನು ಬಂದು ಕಣ್ಣಾರೆ ನೋಡಿದ್ದೇನೆ, ಅಲ್ಲಿ ಒಂದು ಗೂಟವೂ ಇರಲಿಲ್ಲವಲ್ಲ?

"ನೀವು ಬತ್ತೀರಿ ಅಂತ ಕೀಳಿಸಿದ್ವಿ ಸಾಮಿ," ಎಂದರು ಅತ್ತೆ.

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಜವಾನ ಸಹ ಬಾಗಿಲಿಗೆ ಒರಗಿಕೊಂಡು ನಕ್ಕ. ಯಾಕೆ ನಗುತ್ತಾರೆಂದು ತಿಳಿಯದೆ ಅತ್ತೆ ಅವರ ಮುಖ ನೋಡಿ, ನನ್ನ ಮುಖ ನೋಡಿದರು. ನನಗೆ ಅವತ್ತು ಆದ ಅವಮಾನ ಮರೆಯುವಂಥದ್ದಲ್ಲ. ಮರ್ಯಾದೆ ಮಾಡಿದವರನ್ನು ನೋಡಿ ನಗುವ ಜಾಗಕ್ಕೆ ನಾವು ಮರ್ಯಾದೆ ಹೊತ್ತುಕೊಂಡು ಹೋಗಿದ್ದೆವು.

ಮೆಟ್ಟಿಲು ಇಳಿಯುವಾಗ ಅಲ್ಲಿಯ ಕೋರ್ಟಿನ ವಯಸ್ಸಾದ ವಕೀಲರೊಬ್ಬರು ಹಿಂದೆಯೇ ಬಂದರು. ಅತ್ತೆಯ ಸೀರೆಯ ಮಾತು ಅವರಿಗೆ ಹಿಡಿಸಿತ್ತು. ಮರದ ನೆರಳಿನಲ್ಲಿ ನಿಲ್ಲಿಸಿ ನಮಗೊಂದು ದಾರಿ ಹೇಳಿಕೊಟ್ಟರು. ಬಯಲು ನೆಲವಾದರೆ ಸರ್ಕಾರ ತನಗೆ ಬೇಕಾದ ಚೂರನ್ನು ಕತ್ತರಿಸಿಕೊಳ್ಳಬಹುದು. ಆದರೆ ಮನೆಯೋ ಕಾರ್ಖಾನೆಯೋ ಆದರೆ ಹಾಗಲ್ಲ. ತೆಗೆದುಕೊಂಡರೆ ಪೂರ್ತಿ ತೆಗೆದುಕೊ, ಇಲ್ಲವೇ ಬಿಡು ಎನ್ನುವ ಹಕ್ಕು ಕಾನೂನಿನಲ್ಲಿ ಒಡೆಯನಿಗೆ ಉಂಟು. ನಿಮ್ಮ ಮಗ್ಗದ ಮನೆ, ಹಾಸಿನ ಹಿತ್ತಲು ಎರಡೂ ಸೇರಿ ಒಂದೇ ಕಾರ್ಖಾನೆಯೆಂದು ನಾನು ವಾದ ಮಾಡುತ್ತೇನೆ. ಮನೆ, ಮಗ್ಗ, ಹಿತ್ತಲು ಎಲ್ಲವನ್ನೂ ತೆಗೆದುಕೊಳ್ಳಿ ಎಂದು ನೀವು ಬರೆದುಕೊಡಿ. ಅಷ್ಟಕ್ಕೂ ಪರಿಹಾರ ಕೊಡಬೇಕಾಗುತ್ತದೆಂದು ಗೊತ್ತಾದರೆ ಸರ್ಕಾರದ ಗೆರೆ ತಾನಾಗಿ ನುಗ್ಗೆಮರದ ಕಡೆಗೆ ಸರಿಯುತ್ತದೆ. ಎಲ್ಲ ತೆಗೆದುಕೋ ಎಂದರೆ ಮಾತ್ರ ಎಲ್ಲ ಉಳಿಯುತ್ತದೆ ಎಂದರು ಅವರು.

ನನಗೆ ರೆಕ್ಕೆ ಬಂದ ಹಾಗಾಯಿತು. ಮನೆಗೆ ಓಡಿಬಂದು, ವಕೀಲರು ಹೇಳಿಕೊಟ್ಟ ಹಾಗೆ ಕನ್ನಡದಲ್ಲಿ ಅರ್ಜಿ ಬರೆದೆ. ಅದನ್ನು ತಮಿಳು ಮಾಡಿಸುವ ಕೆಲಸ ಅವರದ್ದು. ಅತ್ತೆಗೆ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಲು ಮಸಿಯನ್ನೂ ಮುಂದಿಟ್ಟೆ. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಬಾಳೋ ಮನೆಯ ತಕ್ಕೋ ಅಂತ ಯಾರಾರ ಅಂದಾರಾ ಕೂಸು? ಮ್ಯಾಲೆ ಅಸ್ತು ದ್ಯಾವ್ರು ಓಡಾಡ್ತಿರ್ತವೆ. ಅಸ್ತು ಅಂದ್ಬುಟ್ರೆ ನಿಮ್ಮ ವಕೀಲ್ರು ಬಂದು ತಡೆದಾರಾ?"

ಇದು ಬರೀ ಕಾಗದದ ಮೇಲಿನ ಮಾತು, ನಿಜವಾಗಿ ಕೊಡುವುದಲ್ಲ ಎಂದು ನಾನು ಎಷ್ಟೋ ಬಗೆಯಲ್ಲಿ ಹೇಳಿದೆ.

"ಕಾಗದದ ಮ್ಯಾಲೆ ಎಳದ ಗೆರೆ ತಾನೆ ಈಗ ನಮ್ಮ ಇತ್ಲ ಕೂಯ್ತಾ ಇರದು?" ಎಂದರು.

ಉತ್ತರ ಹೊಳೆಯದಿದ್ದಾಗ ನನಗೆ ಸಿಟ್ಟು ಹೆಚ್ಚು. ದಿನಾ ಊಟಕ್ಕೆ ಬಡಿಸುವಾಗ ಇದೇ ಮಾತು ತೆಗೆದೆ, ಮುನಿಸಿಕೊಂಡು ತವರಿಗೆ ಹೋಗುತ್ತೇನೆಂದೆ, ಯಜಮಾನರನ್ನು ಒಂದು ಮಾತು ಹೇಳಿ ಎಂದು ಚುಚ್ಚಿದೆ. ಅವರು ಅವ್ವ ಹೇಗೆ ಹೇಳಿದರೆ ಹಾಗೆ ಎಂದು ಲಾಳಿ ಎಸೆಯುತ್ತ ಕೂತರು. ಮನೆಯನ್ನು ಉಳಿಸಿಕೊಳ್ಳಲು ಮನೆ ತೆಗೆದುಕೋ ಎನ್ನಬೇಕಾದ ಕಾನೂನನ್ನು ಮಾಡಿದವರಿಗೆ ಅತ್ತೆಯಂಥ ಹೆಂಗಸು ಗೊತ್ತಿರಲಿಲ್ಲ. ಅತ್ತೆಯಂಥ ಹೆಂಗಸಿಗೆ ಅದಕ್ಕಿಂತ ದೊಡ್ಡ ಅಪಶಕುನ ಗೊತ್ತಿರಲಿಲ್ಲ. ವಾಯಿದೆ ಕಳೆಯಿತು. ಹಕ್ಕು ಇತ್ತು, ಬಳಸುವ ಬಾಯಿ ನಮ್ಮಲ್ಲಿ ಇರಲಿಲ್ಲ.

ಕೂಲಿಯವರು ಬಂದು ಅಗೆದರು, ಜಲ್ಲಿ ಸುರಿದರು, ರಸ್ತೆಯಾಯಿತು. ಪರಿಹಾರವೂ ಬಂತು, ನೆಲದ ಅಳತೆಗೆ. ಹಾಸಿನ ಅಳತೆ ಯಾರಿಗೆ ಬೇಕಾಗಿತ್ತು? ಮಗ್ಗದ ಮನೆಯ ಕಡೆ ಒಂದು ತುಂಡು, ನುಗ್ಗೆಮರದ ಕಡೆ ಒಂದು ತುಂಡು ನಮಗೆ ಉಳಿಯಿತು. ಒಂದರಲ್ಲೂ ಹಾಸು ಹಿಡಿಯುವುದಿಲ್ಲ.

ಮುಂದಿನ ಹಾಸು ಸಿದ್ಧವಾದ ಬೆಳಿಗ್ಗೆ ಏಳುತ್ತೇನೆ, ಅತ್ತೆ ಎರಡೂ ತುಂಡಿನಲ್ಲಿ ಗೂಟ ಹೊಡೆಸುತ್ತಿದ್ದಾರೆ. ಹಳೆಯ ಜಾಗದಲ್ಲೇ. ಹಾಸನ್ನು ಈ ತುದಿಯಿಂದ ಆ ತುದಿಗೆ ಎಳೆಸಿದರು. ರಸ್ತೆಯ ಮೇಲೆ ಸೊಂಟದೆತ್ತರಕ್ಕೆ ಅದು ಬಿಗಿದು ನಿಂತಿತು. ಅದು ಸರ್ಕಾರದ ರಸ್ತೆ ಅವ್ವ ಎಂದು ಯಜಮಾನರು ತೊದಲಿದರು. ಸರ್ಕಾರ ದುಡ್ಡು ಕೊಟ್ಟದ್ದು ನೆಲಕ್ಕೆ, ನಾನು ನೆಲ ಮುಟ್ಟಿದ್ದೇನಾ, ಮೇಲಿನ ಗಾಳಿಗೆ ಯಾರೂ ಕಾಸು ಕೊಟ್ಟಿಲ್ಲ ಎಂದು ಅತ್ತೆ ಕುಂಚ ಕೈಗೆತ್ತಿಕೊಂಡರು. ಕಾನೂನು ಓದಿದವರೂ ಇಂಥ ಮಾತು ಆಡಿರಲಾರರು. ಅಷ್ಟು ದಿನದ ಮುನಿಸು ಬಿಟ್ಟು ನಾನು ನಕ್ಕುಬಿಟ್ಟೆ.

ಸೋಜಿಗವೆಂದರೆ ಜನ ನಿಂತರು. ಬೆಳಿಗ್ಗೆ ಬಂದ ಗಾಡಿಯವರು ಹಾಸು ಕಂಡು, ಎತ್ತು ಬಿಚ್ಚಿ, ಬೀಡಿ ಹಚ್ಚಿ ಕೂತರು. ನಾವು ನಿಲ್ಲಿ ಎಂದಿರಲಿಲ್ಲ. ಆಸ್ಪತ್ರೆಯ ಕಾಂಪೌಂಡರ್ ಬಯ್ದುಕೊಂಡೇ ಸೈಕಲ್ಲನ್ನು ಹೆಗಲಿಗೇರಿಸಿ ತುದಿಯ ಗೂಟ ಬಳಸಿಕೊಂಡು ಹೋದರು. ಹೀಗೆ ಮಾಡಬಾರದೆಂದು ಎಚ್ಚರಿಸಲು ಕಚೇರಿಯಿಂದ ಬಂದ ಜವಾನನೂ ಗೂಟ ಬಳಸಿಕೊಂಡೇ ಈಚೆಗೆ ಬಂದು ಎಚ್ಚರಿಸಿದ. ಅವನ ಹೆಂಡತಿಯ ತವರೂ ಮಗ್ಗದ ಮನೆಯಂತೆ. ಹಾಸು ಚಾಚುವ ದಿನ ಬಿಸಿಲೇರುವವರೆಗೆ ರಸ್ತೆ ನಮ್ಮದು, ಆಮೇಲೆ ಸರ್ಕಾರದ್ದು. ಕೆಲವು ತಿಂಗಳು ಹೀಗೇ ನಡೆಯಿತು. ಗೆದ್ದೆವೆಂದೇ ನಾನು ತಿಳಿದಿದ್ದೆ. ಯಳಂದೂರಿಗೆ ಹೋದಾಗ ನಮ್ಮವ್ವನ ಹತ್ತಿರ ಜಂಬ ಕೊಚ್ಚಿಕೊಂಡೂ ಬಂದೆ.

ಒಂದು ಬೆಳಿಗ್ಗೆ ಗಂಜಿ ಸವರಿ ಇನ್ನೂ ಕುಂಚ ಆಡಿಸುತ್ತಿದ್ದೆವು. ಚಳಿಗೆ ಮಂಜು ಕವಿದಿತ್ತು. ಬಂಡಳ್ಳಿ ಕಡೆಯ ಗಾಡಿಯೊಂದು ಬಂದು ಹಾಸಿನ ಹತ್ತಿರ ನಿಂತಿತು. ಗಾಡಿಯವನು ಎತ್ತು ಬಿಚ್ಚಲಿಲ್ಲ, ಬೀಡಿಯನ್ನೂ ಹಚ್ಚಲಿಲ್ಲ. ಗಾಡಿಯಲ್ಲಿ ಕಂಬಳಿ ಹೊದ್ದು ಒಬ್ಬ ಮಲಗಿದ್ದ, ಹಿಂದೆ ಒಬ್ಬ ಹೆಂಗಸು ಗಾಡಿಯ ಮರ ಹಿಡಿದುಕೊಂಡು ನಿಂತಿದ್ದಳು. ಅತ್ತೆಯೇ ಏನೆಂದು ಕೇಳಿದರು.

"ಕರಡಿ ಇಡ್ಕಂಡದೆ ಕಣವ್ವ, ನನ್ನ ತಮ್ಮ," ಎಂದ ಗಾಡಿಯವನು. "ಇವನ ಎತ್ಕಂಡು ಆ ತುದಿ ಬಳಸ್ಕಂಡು ಓದ್ರೆ ತಡ್ಕಂಡಾನಾ ಅಂತ ನೋಡ್ತಾವ್ನಿ."

ಅತ್ತೆ ಹೋಗಿ ಕಂಬಳಿ ಸರಿಸಿ ನೋಡಿದರು. ನಾನೂ ನೋಡಿದೆ, ಅದನ್ನು ಹೇಳುವುದು ಬೇಡ. ಯಜಮಾನರು ಗೂಟದ ಗಂಟು ಬಿಚ್ಚಲು ಓಡಿದರು. ಗಂಜಿಗೆ ನೆನೆದು ಬಿಗಿದಿದ್ದ ಗಂಟು ಬೆರಳಿಗೆ ಬಗ್ಗಲಿಲ್ಲ. ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದು ಹಾಸಿನ ನಡುವಿಗೆ ಇಟ್ಟರು. ಒಂದೇ ಏಟಿಗೆ ಆಗುವ ಕೆಲಸವಲ್ಲ ಅದು. ಒಂದು ಹಿಡಿ, ಮತ್ತೊಂದು ಹಿಡಿ, ಮತ್ತೊಂದು. ಕತ್ತರಿಸಿದಷ್ಟು ಎಳೆಗಳು ಎರಡೂ ಕಡೆಗೆ ಜಗ್ಗಿಕೊಂಡು ಜಲ್ಲಿಯ ಮೇಲೆ ಬೀಳುತ್ತಿದ್ದವು. ಅತ್ತೆ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದರು. ಸರ್ಕಾರವನ್ನೋ, ಕರಡಿಯನ್ನೋ, ತಮ್ಮನ್ನೋ, ನನಗೆ ತಿಳಿಯಲಿಲ್ಲ.

"ಒಡಿಯಪ್ಪ ಗಾಡಿಯ," ಎಂದರು ಕಡೆಗೆ. "ನಾಳಿಂದ ಯಾರೂ ನಿಲ್ಬ್ಯಾಡಿ ಅಂತ ನಿಮ್ಮ ಕಡೆಯೋರ‍್ಗೆಲ್ಲ ಏಳ್ಬುಡು."

ಗಾಡಿ ಹೊರಟಿತು. ಹಿಂದೆ ಹೋಗುತ್ತಿದ್ದ ಹೆಂಗಸು ಅಷ್ಟು ಸಂಕಟದಲ್ಲೂ ಸೀರೆಯನ್ನು ಎತ್ತಿ ಹಿಡಿದು, ಕೆಳಗೆ ಬಿದ್ದಿದ್ದ ರೇಷ್ಮೆಗೆ ಕಾಲು ತಾಗದ ಹಾಗೆ ಜಾಗ ಹುಡುಕಿ ಹೆಜ್ಜೆ ಇಟ್ಟಳು. ಅದನ್ನು ನೋಡಿ ನನಗೆ ಅಳು ಬಂತು. ಸಿಟ್ಟಿನ ಅಳು. ರಸ್ತೆ ನುಗ್ಗೆಮರದ ಕಡೆಯಿಂದ ಹೋಗಿದ್ದರೆ ಆ ಗಾಡಿ ನಿಲ್ಲುತ್ತಲೇ ಇರಲಿಲ್ಲ, ನಮ್ಮ ಹಾಸೂ ತುಂಡಾಗುತ್ತಿರಲಿಲ್ಲ. ಆ ನುಗ್ಗೆಮರ, ಆ ಹಾಳು ತಿಪ್ಪೆ ಅಲ್ಲೇ ಇದ್ದವು, ಯಾರಿಗೂ ಬೇಡವಾಗಿ. ಸರ್ಕಾರ ಕೇಳಿದಾಗ ಒಪ್ಪಲಿಲ್ಲ, ವಕೀಲರು ಹೇಳಿದಾಗ ಹೆಬ್ಬೆಟ್ಟು ಒತ್ತಲಿಲ್ಲ, ಇವತ್ತು ನಿಮ್ಮ ಕೈಯಾರೆ ಕೊಟ್ಟುಬಿಟ್ಟಿರಲ್ಲ ಎಂದು ಅತ್ತೆಯ ಮೇಲೆ ಕೂಗಾಡಿದೆ. ಅವರು ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಕಡೆಗೆ ಹೋಗಿ ಎಳೆ ಹಿಡಿದುಕೋ, ಕೆಸರಾಗುತ್ತದೆ ಎಂದಷ್ಟೇ ಅಂದರು.

ನಾನು ಆಚೆಯ ತುಂಡಿಗೆ ಹೋದೆ, ಅವರು ಈಚೆಯ ತುಂಡಿನಲ್ಲಿ ನಿಂತರು. ಇಬ್ಬರೂ ಅವರವರ ಕಡೆಯ ಅರ್ಧ ಹಾಸನ್ನು ಎತ್ತಿ ಸುತ್ತಿಕೊಳ್ಳತೊಡಗಿದೆವು. ರಸ್ತೆಯಾದ ಮೇಲೆ ಅದರ ಆಚೆ ಈಚೆ ಎಷ್ಟು ಸಲ ಓಡಾಡಿದ್ದೆನೋ, ಅದು ಎಷ್ಟು ಅಗಲವಿದೆಯೆಂದು ನಾನು ನೋಡಿರಲಿಲ್ಲ. ನಡುವೆ ಒಂದು ಎಳೆಯೂ ಇಲ್ಲದೆ ನೋಡಿದರೆ ಬಹಳ ಅಗಲವಿತ್ತು. ಮಂಜಿನಲ್ಲಿ ಅತ್ತೆಯ ಮುಖ ನನಗೆ ಸರಿಯಾಗಿ ಕಾಣಿಸಲಿಲ್ಲ.

ಮುಂದಿನ ಹಾಸನ್ನು ಚಾಚಲು ನಾವು ಸಾಹುಕಾರನ ಹಿತ್ತಲಿಗೆ ಹೋದೆವು.